ಗಿಡ ಹಳದಿಯಾದರೆ ಮೊದಲು ಎಲ್ಲಿ ನೋಡಬೇಕು: ಕೊಡಗಿನ ತೋಟ, ಗದ್ದೆಗಳಲ್ಲಿ ಕಾಯಿಲೆಯ ಮೂಲ ಹುಡುಕುವ ಬಗೆ

ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಇಳಿಯುವ ಹೊತ್ತಿಗೆ ಕಾಫಿ ತೋಟದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಹಳದಿಗೆ ತಿರುಗುತ್ತದೆ. ಸಾರಜನಕ ಸಾಲದೆ ಹಾಗಾಗಿರಬಹುದು. ಬುಡದಲ್ಲಿ ನೀರು ನಿಂತಿರಬಹುದು. ಕಾಂಡದೊಳಗೆ ಬೋರರ್ (ಕೊರೆಯುವ ಹುಳು) ಸೇರಿರಬಹುದು. ಬೇರಿಗೆ ಹಿಟ್ಟುತಿಗಣೆಯೋ ಜಂತುಹುಳುವೋ ಕೊಳೆಯೋ ಹತ್ತಿರಬಹುದು. ಹೊರಲಾರದಷ್ಟು ಫಸಲು ಕಚ್ಚಿ ಗಿಡ ಸೋತಿರಲೂಬಹುದು. ಏಳು ಕಾರಣ, ಬಣ್ಣ ಮಾತ್ರ ಒಂದೇ. ಎಲೆಯ ಫೋಟೊ ತೆಗೆದು ಔಷಧಿ ಅಂಗಡಿಗೆ ವಾಟ್ಸ್‌ಆ್ಯಪ್ ಮಾಡಿದರೆ ಅವರು ಏಳರಲ್ಲಿ ಒಂದನ್ನು ಊಹಿಸಿ ಡಬ್ಬಿ ಕೊಡುತ್ತಾರೆ. ಊಹೆ ತಪ್ಪಿದರೆ ಹೋಗುವುದು ಡಬ್ಬಿಯ ದುಡ್ಡಷ್ಟೇ ಅಲ್ಲ, ಗಿಡ ಉಳಿಸಿಕೊಳ್ಳಲು ಇದ್ದ ಮೂರು ವಾರವೂ ಹೋಗುತ್ತದೆ.

ಎಲೆ ದೂರು ಹೇಳುವ ಜಾಗ. ದೂರಿನ ಮೂಲ ಹೆಚ್ಚಿನ ಸಲ ಕಾಂಡದಲ್ಲೋ ಬೇರಿನಲ್ಲೋ ಇರುತ್ತದೆ. ಹಾಗಾಗಿ ಕಾಯಿಲೆ ಹುಡುಕಲು ಹೊರಟವರ ಕೈಯಲ್ಲಿ ಮೊದಲು ಇರಬೇಕಾದದ್ದು ಸಣ್ಣ ಗುದ್ದಲಿ. ಜತೆಗೆ ಕಪಾತು ಮಾಡುವ, ಅಂದರೆ ರೆಂಬೆ ಸವರುವ ಹರಿತವಾದ ಚಾಕು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಬಿಳಿ ಹಾಳೆ, ಪಾರದರ್ಶಕ ಗಾಜಿನ ಲೋಟ, ಒಂದು ಬಾಟಲಿ ಶುದ್ಧ ನೀರು, ಗುರುತು ಹಾಕಲು ಬಣ್ಣ. ಚಾಕು ಒರೆಸಲು ಸ್ಪಿರಿಟ್ ಮತ್ತು ಹತ್ತಿಯೂ ಇರಲಿ. ಒಂದು ಗಿಡ ಕೊಯ್ದ ಚಾಕುವನ್ನು ಹಾಗೇ ಇನ್ನೊಂದಕ್ಕೆ ಹಾಕಿದರೆ ರೋಗ ಹುಡುಕಲು ಹೋದವರೇ ಅದನ್ನು ಹರಡಿದಂತಾಗುತ್ತದೆ.

ಗಿಡ ಮುಟ್ಟುವ ಮೊದಲು ತೋಟ ನೋಡಿ

ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು, ಕೆಟ್ಟ ಗಿಡಗಳು ತೋಟದಲ್ಲಿ ಹೇಗೆ ಹರಡಿಕೊಂಡಿವೆ ಎಂದು ಮೊದಲು ನೋಡಿ. ರೋಗವೂ ಕೀಟವೂ ಸಾಲು ನೋಡಿ ಬರುವುದಿಲ್ಲ. ಒಂದು ಗಿಡದಲ್ಲಿ ಶುರುವಾಗಿ ಅಕ್ಕಪಕ್ಕಕ್ಕೆ ತೇಪೆಯಂತೆ ಹಬ್ಬುತ್ತವೆ, ಅಲ್ಲಿ ಸತ್ತ ಗಿಡ, ಸಾಯುತ್ತಿರುವ ಗಿಡ, ಈಗಷ್ಟೇ ಬಾಡಿದ ಗಿಡ ಮೂರೂ ಸಿಗುತ್ತವೆ. ಕೆಟ್ಟದ್ದೆಲ್ಲ ಒಂದೇ ಹದದಲ್ಲಿ, ಒಂದೇ ದಿನ ಕೆಟ್ಟಂತೆ ಕಂಡರೆ ಕಾರಣ ಜೀವಿಯಲ್ಲ. ಕಳೆನಾಶಕವೋ, ಗೊಬ್ಬರದ ಪ್ರಮಾಣವೋ, ಬಿಸಿಲೋ, ನೀರೋ ಆಗಿರುತ್ತದೆ.

ಕಾಫಿ, ಮೆಣಸು, ಬಾಳೆ, ಕೆಳಗಿನ ಕಳೆಗಿಡ ಎಲ್ಲವೂ ಒಟ್ಟಿಗೆ ಕೆಟ್ಟಿವೆಯೇ ಎಂಬುದು ಇನ್ನೊಂದು ಪ್ರಶ್ನೆ. ಕಾಫಿಯ ತುಕ್ಕು ರೋಗ ಬಾಳೆಗೆ ಬರುವುದಿಲ್ಲ, ಏಲಕ್ಕಿಯ ಕಟ್ಟೆ ರೋಗ ಕಾಫಿಗೆ ಬರುವುದಿಲ್ಲ. ಜಾತಿ ನೋಡದೆ ಎಲ್ಲವೂ ಸುಟ್ಟಿದ್ದರೆ ರೋಗದ ಪುಸ್ತಕ ಮುಚ್ಚಿಡಿ. ಹೂಮಳೆಯ ಗುಡುಗಿನ ನಂತರ ಒಂದು ಸಿಲ್ವರ್ ಮರದ ಸುತ್ತ ವೃತ್ತಾಕಾರದಲ್ಲಿ ಕಾಫಿ, ಮರದ ಮೇಲಿನ ಮೆಣಸು, ಕೆಳಗಿನ ಹುಲ್ಲು ಒಮ್ಮೆಗೇ ಒಣಗಿದ್ದರೆ ಅದು ಸಿಡಿಲು. ಮರದ ತೊಗಟೆಯಲ್ಲಿ ಉದ್ದ ಸೀಳು ಇದೆಯೇ ನೋಡಿ. ಬೇರುರೋಗವೆಂದು ತಿಳಿದು ಅಲ್ಲಿ ಕಂದಕ ತೋಡಿಸುವುದು ಆಳಿನ ಕೂಲಿ ದಂಡ.

ನೆಲದ ಇಳಿಜಾರನ್ನೂ ಗಮನಿಸಿ. ಹಳದಿ ಗಿಡಗಳು ತಗ್ಗಿನಲ್ಲಷ್ಟೇ ಇದ್ದರೆ ನೀರನ್ನು ಶಂಕಿಸಿ. ನೆರಳು ಮರ ಬಿದ್ದು ಆಕಾಶ ತೆರೆದ ಜಾಗದಲ್ಲಷ್ಟೇ ಇದ್ದರೆ ಬಿಸಿಲನ್ನೂ ಬೋರರನ್ನೂ ಶಂಕಿಸಿ. ಹಳೇ ಮರದ ಕುತ್ತಿಯ ಸುತ್ತ ಇದ್ದರೆ ಬೇರುರೋಗ. ರಸ್ತೆಯಂಚಿನಲ್ಲೋ, ಪಕ್ಕದವರ ಶುಂಠಿ ಗದ್ದೆಗೆ ಎದುರಾದ ಸಾಲಿನಲ್ಲೋ ಮಾತ್ರ ಇದ್ದರೆ ಗಾಳಿಯಲ್ಲಿ ಹಾರಿ ಬಂದ ಕಳೆನಾಶಕ. ಗ್ಲೈಫೋಸೇಟ್ ತಾಗಿದ ಕಾಫಿಯ ಹೊಸ ಚಿಗುರು ಬಿದಿರೆಲೆಯಂತೆ ಸಪೂರವಾಗಿ, ಗೊಂಚಲುಗಟ್ಟಿ ಬರುತ್ತದೆ. ಇದನ್ನು ಸತುವಿನ ಕೊರತೆ ಎಂದುಕೊಂಡು ಜಿಂಕ್ ಹೊಡೆಸುವವರು ಬಹಳ.

ಹಳೇ ಎಲೆಯೋ, ಹೊಸ ಎಲೆಯೋ

ಆಹಾರದ ಕೊರತೆ ಎಂದು ತೋರಿದರೆ ಈ ಒಂದು ಪ್ರಶ್ನೆಯಿಂದ ಅರ್ಧ ಕೆಲಸ ಮುಗಿಯುತ್ತದೆ. ಸಾರಜನಕ, ರಂಜಕ, ಪೊಟ್ಯಾಶ್, ಮೆಗ್ನೀಸಿಯಂ ಗಿಡದೊಳಗೆ ಓಡಾಡುವ ಸರಕು. ಕೊರತೆ ಬಿದ್ದಾಗ ಗಿಡ ಇವನ್ನು ಹಳೇ ಎಲೆಯಿಂದ ಕಿತ್ತು ಚಿಗುರಿಗೂ ಕಾಯಿಗೂ ಕೊಡುತ್ತದೆ, ಆದ್ದರಿಂದ ಕೆಡುವುದು ಹಳೇ ಎಲೆ. ಕಬ್ಬಿಣ, ಸತು, ಬೋರಾನ್, ಕ್ಯಾಲ್ಸಿಯಂ ಒಮ್ಮೆ ಕೂತಲ್ಲಿಂದ ಸುಲಭವಾಗಿ ಏಳುವುದಿಲ್ಲ, ಆದ್ದರಿಂದ ಕೆಡುವುದು ಹೊಸ ಚಿಗುರು.

ಹಳೇ ಎಲೆ ಇಡಿಯಾಗಿ ಒಂದೇ ಸಮ ಹಳದಿಯಾದರೆ ಸಾರಜನಕ. ನರಗಳು ಹಸಿರಾಗಿದ್ದು ನಡುವಿನ ಜಾಗ ಹಳದಿಯಾಗಿ, ಮೀನಿನ ಮುಳ್ಳಿನಂತೆ ಕಂಡರೆ ಮೆಗ್ನೀಸಿಯಂ. ಕೆಲವು ವರ್ಷ ಪೊಟ್ಯಾಶ್ ಅತಿಯಾಗಿ ಕೊಟ್ಟ ತೋಟದಲ್ಲಿ ಇದು ಸಾಮಾನ್ಯ, ಒಂದು ಹೆಚ್ಚಾದರೆ ಇನ್ನೊಂದನ್ನು ಬೇರು ಹೀರುವುದು ಕಡಿಮೆಯಾಗುತ್ತದೆ. ಎಲೆಯ ತುದಿ, ಅಂಚು ಮಾತ್ರ ಕಂದಾಗಿ ಸುಟ್ಟಂತಿದ್ದು ಒಳಗೆ ಹಸಿರಿದ್ದರೆ ಪೊಟ್ಯಾಶ್. ಕಾಯಿ ಬಲಿಯುವ ತಿಂಗಳಲ್ಲಿ ಇದು ಎದ್ದು ಕಾಣುತ್ತದೆ.

ಚಿಗುರು ಬಿಳಿಚಿಕೊಂಡು ಅದರ ಮೇಲೆ ಹಸಿರು ನರಗಳ ಬಲೆ ಕಂಡರೆ ಕಬ್ಬಿಣ. ಮಣ್ಣಿನಲ್ಲಿ ಕಬ್ಬಿಣ ಇಲ್ಲದ್ದರಿಂದ ಹೀಗಾಗುವುದು ಕಡಿಮೆ. ಸುಣ್ಣ ಅತಿಯಾಗಿರುತ್ತದೆ, ಇಲ್ಲವೇ ಬೇರು ನೀರಿನಲ್ಲಿ ಮುಳುಗಿರುತ್ತದೆ. ಕಾಫಿಗೆ ಮಣ್ಣಿನ ರಸಸಾರ 6ರಿಂದ 6.5ರ ನಡುವೆ ಇದ್ದರೆ ಒಳ್ಳೆಯದು. ಮಳೆ ಜಾಸ್ತಿ ಇರುವ ಕಡೆ ಅದು ತಾನಾಗಿ ಇಳಿಯುತ್ತಾ ಹೋಗುತ್ತದೆ, ಆದರೆ ಪರೀಕ್ಷೆ ಮಾಡಿಸದೆ ವರ್ಷವರ್ಷ ಸುಣ್ಣ ಎರಚಿದರೆ ಆ ಕಡೆ ದಾಟಿಬಿಡುತ್ತದೆ. ಎಲೆ ಸಣ್ಣದಾಗಿ, ಗೆಣ್ಣುಗಳು ಹತ್ತಿರವಾದರೆ ಸತು. ತುದಿಮೊಗ್ಗು ಸತ್ತು ಅದರ ಕೆಳಗಿನಿಂದ ನಾಲ್ಕೈದು ಚಿಗುರು ಬೀಸಣಿಗೆಯಂತೆ ಎದ್ದರೆ ಬೋರಾನ್.

ಇಷ್ಟು ನೋಡಿದ ಮೇಲೂ ಗೊಬ್ಬರದ ಚೀಲ ಬಿಚ್ಚಬೇಡಿ. ಬೇರು ಹಾಳಾದ ಗಿಡದಲ್ಲೂ ಇವೇ ಲಕ್ಷಣಗಳು ಬರುತ್ತವೆ, ನೆಲದಲ್ಲಿ ಊಟ ಇದ್ದರೂ ಎತ್ತಿ ತಿನ್ನಲು ಕೈಯೇ ಇಲ್ಲದಿದ್ದರೆ ಏನು ಮಾಡುವುದು? ಅಗೆದು ನೋಡಿ, ಬಿಳಿ ಹೀರುಬೇರು ಸಾಕಷ್ಟು ಇದ್ದರೆ ಮಾತ್ರ ಕೊರತೆ ಎನ್ನಿ.

ಒಂದು ಹಳದಿ ಕಾಫಿ ಗಿಡವನ್ನು ಮೇಲಿಂದ ಕೆಳಗೆ ಓದುವುದು

ಪೂರ್ತಿ ಸತ್ತ ಗಿಡವನ್ನು ಆರಿಸಬೇಡಿ. ಅದರ ಮೇಲೆ ಹಿಂದಿನಿಂದ ಬಂದ ಅಣಬೆ, ಗೆದ್ದಲು ಎಲ್ಲ ಸೇರಿ ಮೂಲ ಸಾಕ್ಷ್ಯ ಅಳಿಸಿರುತ್ತವೆ. ಅರ್ಧ ಹಳದಿ, ಅರ್ಧ ಹಸಿರು ಇರುವ ಗಿಡ ಬೇಕು. ಪಕ್ಕದ ಒಂದು ಆರೋಗ್ಯವಂತ ಗಿಡವನ್ನೂ ಜತೆಜತೆಗೆ ನೋಡುತ್ತಾ ಹೋಗಿ.

ಎಲೆಯ ಅಡಿಭಾಗವನ್ನು ಬೆರಳಿನಿಂದ ಉಜ್ಜಿ. ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಹತ್ತಿದರೆ ತುಕ್ಕು ರೋಗ. ಮೇಲ್ಭಾಗದಲ್ಲಿ ಅದೇ ಜಾಗ ಮಸುಕು ಹಳದಿ ಚುಕ್ಕೆಯಾಗಿ ಕಾಣುತ್ತದೆ. ಅರೇಬಿಕಾ ಜಾತಿಯ ಕಾಫಿಗೆ ಇದು ದೊಡ್ಡ ಶತ್ರು. ಕಿತ್ತಳೆ ಪುಡಿಯ ಮೇಲೆ ಬಿಳಿ ಬೂಷ್ಟು ಕಂಡರೆ ಗಾಬರಿ ಬೇಡ, ಅದು ತುಕ್ಕನ್ನೇ ತಿನ್ನುವ ಇನ್ನೊಂದು ಶಿಲೀಂಧ್ರ, ನಮ್ಮ ಕಡೆಯದು. ಪುಡಿ ಬರದೆ, ಕಂದು ಚುಕ್ಕೆಯ ನಡುವೆ ಬೂದಿ ಬಣ್ಣದ ಕಣ್ಣಿದ್ದು ಸುತ್ತ ಹಳದಿ ಬಳೆ ಇದ್ದರೆ ಕಂದು ಕಣ್ಣು ಚುಕ್ಕೆ ರೋಗ. ಶಿಲೀಂಧ್ರನಾಶಕ ಹೊಡೆದರೆ ಇದು ಸ್ವಲ್ಪ ತಗ್ಗುತ್ತದೆ, ಆದರೆ ಕರೆದದ್ದು ನೆರಳಿನ ಕೊರತೆ ಮತ್ತು ಸಾರಜನಕದ ಕೊರತೆ. ಆ ಎರಡನ್ನು ಸರಿಪಡಿಸದೆ ಇದು ಪ್ರತಿವರ್ಷ ನೆಂಟರಂತೆ ಬರುತ್ತಿರುತ್ತದೆ.

ಮುಂದೆ ರೆಂಬೆಗೆ ಬನ್ನಿ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಎಲೆ ಕಪ್ಪಾಗಿ ಕೊಳೆತು, ಉದುರದೆ ಬಿಳಿ ನೂಲಿನಂಥ ಎಳೆಯಲ್ಲಿ ರೆಂಬೆಗೆ ನೇತಾಡುತ್ತಿದ್ದರೆ ಅದು ಕೊಳೆರೋಗ. ನೇತಾಟವೇ ಇದರ ಗುರುತು. ಕೊಳೆತ ಎಲೆ ಪಟಪಟ ಉದುರಿಬಿಟ್ಟರೆ ಬೇರೆ ಕಾರಣ ಹುಡುಕಿ. ಕನ್ನಡದ ಈ ಹೆಸರೇ ಶಿಲೀಂಧ್ರದ ವೈಜ್ಞಾನಿಕ ಹೆಸರಿಗೂ ಹತ್ತಿತ್ತು, ‘ಕೊಳೆರೋಗ ನಾಕ್ಸಿಯಾ’ ಎಂದು. ಗಿಡದ ನೆತ್ತಿಯ ಮೇಲೆ ನೆರಳು ಮರದ ಎಲೆ ಬಿದ್ದು ಒದ್ದೆಯಾಗಿ ಕೂತಲ್ಲಿ ಇದು ಹಿಡಿಯುತ್ತದೆ. ಮಳೆಗಾಲಕ್ಕೆ ಮುಂಚೆ ಗಿಡದ ನಡು ಬಿಡಿಸಿ, ಬೇಡದ ಚಿಗುರು ತೆಗೆದು ಗಾಳಿ ಆಡುವಂತೆ ಮಾಡುವುದು, ಬಿದ್ದ ಎಲೆ ಕೊಡವುವುದು ಮುಖ್ಯ. ಆಮೇಲೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ. ಹಿಡಿದ ರೆಂಬೆಯನ್ನು ಮಳೆ ಬಿಟ್ಟ ದಿನ ಕತ್ತರಿಸಿ ಹೂಳಿ.

ರೊಬಸ್ಟಾ ಜಾತಿಯ ಕಾಫಿಯಲ್ಲಿ ಒಂದೊಂದೇ ರೆಂಬೆಯ ತುದಿ ಒಣಗಿ, ಉಳಿದ ಗಿಡ ಗಟ್ಟಿಮುಟ್ಟಾಗಿದ್ದರೆ ಒಣಗಿದ ರೆಂಬೆಯ ಅಡಿಭಾಗ ತಿರುಗಿಸಿ ನೋಡಿ. ಗುಂಡುಸೂಜಿ ಚುಚ್ಚಿದಂಥ ತೂತು ಇದ್ದರೆ ರೆಂಬೆ ಕೊರಕ. ಮಳೆ ಮುಗಿದ ಮೇಲೆ ಇದರ ಕಾಲ. ತೂತಿನಿಂದ ಕಾಂಡದ ಕಡೆಗೆ ಎರಡು ಮೂರು ಇಂಚು ಬಿಟ್ಟು ಕತ್ತರಿಸಿ ಸುಡಬೇಕು. ಕತ್ತರಿಸಿ ಬುಡದಲ್ಲೇ ಬಿಟ್ಟರೆ ದುಂಬಿಗೆ ಮನೆ ಬದಲಾಯಿಸಲು ಅನುಕೂಲ ಮಾಡಿಕೊಟ್ಟಂತೆ.

ರೆಂಬೆ ತುಂಬಾ ಕಾಯಿ, ಎಲೆ ಮಾತ್ರ ಬೆರಳೆಣಿಕೆ, ತುದಿಯಿಂದ ಹಿಂದಕ್ಕೆ ಒಣಗುತ್ತಾ ಬಂದು ಕಾಯಿ ಬಲಿಯುವ ಮೊದಲೇ ಹಳದಿಯಾಗಿ ಮುದುರಿದರೆ ಅದು ರೋಗವಲ್ಲ, ಆಯಾಸ. ಒಣಗಿದ ರೆಂಬೆಯಲ್ಲಿ ಶಿಲೀಂಧ್ರ ಸಿಕ್ಕೇ ಸಿಗುತ್ತದೆ, ಆದರೆ ಅದು ಸೋತವನ ಮೇಲೆ ಬಿದ್ದದ್ದು. ಮುಂದಿನ ವರ್ಷದ ಕಪಾತು, ನೆರಳು, ಗೊಬ್ಬರ ಹದ ಮಾಡುವುದೇ ಇದಕ್ಕೆ ದಾರಿ.

ಈಗ ಕಾಂಡ. ಅರೇಬಿಕಾ ಆಗಿದ್ದರೆ ಮಂಡಿಯೂರಿ ಕೂತು ನೆಲಮಟ್ಟದಿಂದ ಮೇಲಕ್ಕೆ ಅಂಗೈ ಸವರಿಕೊಂಡು ಬನ್ನಿ. ತೊಗಟೆಯ ಕೆಳಗೆ ಹಗ್ಗ ಸುತ್ತಿದಂಥ ಉಬ್ಬು ಕೈಗೆ ಸಿಕ್ಕರೆ ಬಿಳಿ ಕಾಂಡಕೊರಕ. ಕಣ್ಣಿಗಿಂತ ಕೈಗೆ ಇದು ಬೇಗ ತಿಳಿಯುತ್ತದೆ, ಪಾಚಿ ಹಿಡಿದ ಕಾಂಡದಲ್ಲಿ ಕಣ್ಣು ಮೋಸ ಹೋಗುತ್ತದೆ. ಸೀಳಿದರೆ ಹುಡಿ ಗಟ್ಟಿಯಾಗಿ ತುಂಬಿದ ಸುರಂಗ ಕಾಣುತ್ತದೆ. ಎಳೇ ಗಿಡ ಒಂದೇ ವರ್ಷದಲ್ಲಿ ಹೋಗುತ್ತದೆ, ಹಳೇ ಗಿಡ ಕೆಲವು ವರ್ಷ ನರಳುತ್ತದೆ. ದುಂಬಿ ಹೊರಬರುವುದು ಏಪ್ರಿಲ್–ಮೇ ತಿಂಗಳಲ್ಲೊಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಇನ್ನೊಮ್ಮೆ. ಹಾಗಾಗಿ ಗಿಡ ಗುರುತಿಸಿ ಕೀಳುವ ಕೆಲಸ ಮಾರ್ಚ್ ಒಳಗೆ ಒಂದು ಸುತ್ತು, ಸೆಪ್ಟೆಂಬರ್‌ನಲ್ಲಿ ಒಂದು ಸುತ್ತು ಮುಗಿಯಬೇಕು. ಬುಡ ಕಡಿದರೆ ಸಾಲದು, ಸುರಂಗ ಬೇರಿಗೂ ಇಳಿದಿರುತ್ತದೆ, ಕಿತ್ತೇ ತೆಗೆಯಬೇಕು. ಕಿತ್ತ ಕಾಂಡವನ್ನು ಸೌದೆಗೆಂದು ಕಾರ್ಮಿಕರ ಲೈನ್ ಮನೆ ಹಿಂದೆ ಒಟ್ಟುವುದು ಎಲ್ಲಾ ಕಡೆ ಕಾಣುವ ತಪ್ಪು. ಒಳಗಿನ ಹುಳು ಅಲ್ಲೇ ದುಂಬಿಯಾಗಿ ತೋಟಕ್ಕೆ ವಾಪಸು ಬರುತ್ತದೆ. ಕೂಡಲೇ ಸುಡಿ, ಇಲ್ಲದಿದ್ದರೆ ಒಂದು ವಾರ ಹತ್ತು ದಿನ ನೀರಿನಲ್ಲಿ ಮುಳುಗಿಸಿಡಿ.

ಕಾಂಡ ಸ್ವಚ್ಛವಾಗಿದ್ದರೆ ಗುದ್ದಲಿ ತೆಗೆದುಕೊಳ್ಳಿ. ಬುಡದ ಮಣ್ಣನ್ನು ನಾಲ್ಕು ಇಂಚು ಬಿಡಿಸಿದಾಗ ಬೇರಿನ ಮೇಲೆ ಹತ್ತಿಯಂಥ ಬಿಳಿ ಗಂಟು, ಸುತ್ತ ಇರುವೆ ಸಿಕ್ಕರೆ ಬೇರಿನ ಹಿಟ್ಟುತಿಗಣೆ. ಬುಡದಲ್ಲಿ ಇರುವೆ ಓಡಾಡುತ್ತಿದ್ದರೆ ಅಗೆಯುವ ಮೊದಲೇ ಇದನ್ನು ಅನುಮಾನಿಸಬಹುದು. ಇರುವೆಗೆ ತಿಗಣೆಯ ಸಿಹಿರಸ ಬೇಕು, ಅದಕ್ಕೇ ಅದು ತಿಗಣೆಯನ್ನು ಕಾಯುತ್ತದೆ. ಇರುವೆ ಬಿಟ್ಟು ತಿಗಣೆಗೆ ಮಾತ್ರ ಮದ್ದು ಮಾಡಿದರೆ ಕೆಲಸ ಅರ್ಧ.

ಎಳೇ ಅರೇಬಿಕಾ ಗಿಡ ಅಲುಗಾಡಿಸಿದರೆ ಗೂಟದಂತೆ ಆಡಿ, ಸುಲಭವಾಗಿ ಕೈಗೆ ಬಂತೇ? ತಾಯಿಬೇರು ಸವೆದು ನೆಲಮಟ್ಟದಲ್ಲಿ ಮಾತ್ರ ಸಣ್ಣ ಬೇರಿನ ಕುಚ್ಚು ಉಳಿದಿದೆಯೇ? ಅದು ಜಂತುಹುಳುವಿನ ಕೆಲಸ. ಆ ಗುಂಡಿಯಲ್ಲಿ ಮತ್ತೆ ಅರೇಬಿಕಾ ಸಸಿ ಇಟ್ಟರೆ ಮತ್ತದೇ ಕಥೆ, ರೊಬಸ್ಟಾ ಬೇರಿನ ಮೇಲೆ ಕಸಿ ಮಾಡಿದ ಸಸಿ ಇಡುವುದು ವಾಸಿ.

ಬೇರಿನ ಮೇಲೆ ಮಣ್ಣು, ಕಲ್ಲು ಗೋಂದು ಹಚ್ಚಿದಂತೆ ಅಂಟಿ, ತೊಳೆದರೂ ಹೋಗದೆ, ಸೀಳಿದಾಗ ಮರದಲ್ಲಿ ಕಂದು ಗೆರೆಗಳಿದ್ದರೆ ಕಂದು ಬೇರುರೋಗ. ಹತ್ತಿರದಲ್ಲಿ ಕಡಿದ ಮರದ ಕುತ್ತಿ ಇದ್ದೇ ಇರುತ್ತದೆ. ರೋಗ ಬೇರಿನಿಂದ ಬೇರಿಗೆ ದಾಟುವುದರಿಂದ ಕೆಟ್ಟ ಗಿಡದ ಜತೆ ಸುತ್ತಲಿನ ಒಂದು ಸುತ್ತು ಒಳ್ಳೆ ಗಿಡವನ್ನೂ ಸೇರಿಸಿಕೊಂಡು ಎರಡು ಅಡಿ ಆಳ, ಒಂದು ಅಡಿ ಅಗಲದ ಕಂದಕ ತೋಡಿ, ಮಣ್ಣನ್ನು ಒಳಭಾಗಕ್ಕೆ ಹಾಕಬೇಕು. ಹೊರಗೆ ಎಸೆದರೆ ರೋಗವನ್ನು ನೀವೇ ಕಂದಕ ದಾಟಿಸಿದಂತೆ. ಸತ್ತ ಗಿಡ ಕಿತ್ತ ಗುಂಡಿಗೆ ಒಂದೆರಡು ಕಿಲೋ ಸುಣ್ಣ ಹಾಕಿ ಆರು ತಿಂಗಳು ಖಾಲಿ ಬಿಡಿ.

ಇದ್ಯಾವುದೂ ಇಲ್ಲ, ಬೇರು ಕಪ್ಪಗಿದೆ, ಮಣ್ಣು ಹಿಂಡಿದರೆ ನೀರು ಸುರಿಯುತ್ತದೆ ಎಂದಾದರೆ ಪಕ್ಕದಲ್ಲಿ ಒಂದಡಿ ಗುಂಡಿ ತೋಡಿ ಅರ್ಧ ಗಂಟೆ ಬಿಟ್ಟು ನೋಡಿ. ನೀರು ಬಂದು ನಿಂತರೆ ಬೇರಿಗೆ ಉಸಿರು ಕಟ್ಟಿದೆ. 2018 ಮತ್ತು 2019ರ ಆಗಸ್ಟ್ ಮಳೆಯಂಥ ಸಂದರ್ಭದಲ್ಲಿ ಹಸಿರು ಕಾಯಿ ರಾಶಿ ಉದುರುವುದಕ್ಕೆ ಇದೂ ಕಾರಣ, ಕಾಯಿಯ ತೊಟ್ಟು ಕೊಳೆಯುವ ಶಿಲೀಂಧ್ರವೂ ಕಾರಣ. ಉದುರಿದ ಕಾಯಿಯ ತೊಟ್ಟು ಕಪ್ಪಾಗಿದ್ದರೆ ಎರಡನೆಯದು, ತೊಟ್ಟು ಹಸಿರಾಗಿದ್ದರೆ ಮೊದಲನೆಯದು ಎಂದು ಸ್ಥೂಲವಾಗಿ ಹೇಳಬಹುದು. ನೀರು ನಿಂತ ತೋಟಕ್ಕೆ ಮೊದಲು ಬೇಕಾದದ್ದು ಕಾಲುವೆ. ಬುಡಕ್ಕೆ ಒತ್ತಿಕೊಂಡ ದರಗನ್ನು (ಉದುರಿದ ಒಣ ಎಲೆ) ಸರಿಸಿ, ಸಾಲಿನ ನಡುವೆ ನೀರು ಇಂಗಲು ತೋಡಿದ, ಈಗ ಮುಚ್ಚಿಹೋದ ತೊಟ್ಟಿಲು ಗುಂಡಿಗಳನ್ನು ಬಿಡಿಸಿ.

ಕಾಯಿ ಕೊರಕ ಬೇರೆಯೇ ವಿಷಯ, ಗಿಡ ಆರೋಗ್ಯವಾಗಿಯೇ ಇರುತ್ತದೆ. ಕಾಯಿಯ ಹೊಕ್ಕುಳಲ್ಲಿ ಸೂಜಿತೂತು ಇದ್ದರೆ ಅದು ಬೆರಿ ಬೋರರ್. ಬದಿಯಲ್ಲಿದ್ದರೆ ಅಲ್ಲ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ದೇಶದಲ್ಲೇ ಮೊದಲು ಕಂಡ ಈ ಕೀಟ ಇಲ್ಲಿಗೆ ಬಂದು ನೆಲೆಸಿಬಿಟ್ಟಿದೆ. ಕೊಯ್ಲಿನ ನಂತರ ಗಿಡದಲ್ಲೂ ನೆಲದಲ್ಲೂ ಒಂದು ಕಾಯಿ ಉಳಿಯದಂತೆ ಆರಿಸುವುದಕ್ಕೆ ಸಮನಾದ ಮದ್ದು ಇಲ್ಲ.

ಮೆಣಸಿನ ಬಳ್ಳಿ: ತಿಂಗಳು ಕೇಳಿ

ಬಳ್ಳಿ ಯಾವಾಗ ಬಾಡಿತು ಎಂಬುದೇ ಇಲ್ಲಿ ಮುಖ್ಯ ಸುಳಿವು. ಜುಲೈ–ಆಗಸ್ಟ್‌ನಲ್ಲಿ ಹಸಿರಾಗಿದ್ದ ಬಳ್ಳಿ ಹತ್ತು ಹದಿನೈದು ದಿನದಲ್ಲಿ ಎಲೆ ಕಳಚಿ, ಗೆಣ್ಣು ಗೆಣ್ಣಾಗಿ ಮುರಿದು ಬಿದ್ದರೆ ಶೀಘ್ರ ಸೊರಗು ರೋಗ. ಸಾಕ್ಷ್ಯ ಬುಡದಲ್ಲಿದೆ: ನೆಲಮಟ್ಟದ ತೊಗಟೆಯನ್ನು ಚಾಕುವಿನಿಂದ ಕೆರೆಯಿರಿ, ಹಸಿರು–ಬಿಳಿಯ ಬದಲು ಕಪ್ಪು ಲೋಳೆ, ಕೊಳೆತ ವಾಸನೆ ಬರುತ್ತದೆ. ಹೀರುಬೇರಿನ ಸಿಪ್ಪೆ ಎಳೆದರೆ ಅಂಗಿಯ ತೋಳಿನಂತೆ ಕಳಚಿ, ನಡುವೆ ದಾರ ಮಾತ್ರ ಉಳಿಯುತ್ತದೆ.

ಅಷ್ಟಕ್ಕೆ ಬಂದ ಬಳ್ಳಿ ಉಳಿಯುವುದಿಲ್ಲ. ಅದರ ಮುಂಚಿನ ಗುರುತು ಹಿಡಿಯುವುದನ್ನು ಕಲಿಯಬೇಕು. ಜೂನ್‌ನ ಮೊದಲ ಜೋರು ಮಳೆಯ ನಂತರ ನೆಲದ ಮೇಲೆ ಹರಿದ ಹಂಬುಗಳನ್ನೂ ಬುಡದ ಎರಡಡಿ ಎತ್ತರದ ಎಲೆಗಳನ್ನೂ ನೋಡಿ. ಕಪ್ಪು ಚುಕ್ಕೆ, ಅದರ ಅಂಚು ಚೂಪಾಗಿ ಮುಗಿಯದೆ ಹತ್ತಿಬಟ್ಟೆಗೆ ಮಸಿ ಬಿದ್ದು ಹರಡಿದಂತೆ ಎಳೆಎಳೆಯಾಗಿದ್ದರೆ ಅದೇ ರೋಗಾಣು. ಮಳೆಹನಿ ಮಣ್ಣಿಗೆ ಬಿದ್ದು ಸಿಡಿದ ಕೆಸರಿನ ಜತೆ ಅದು ಎಲೆಗೆ ಏರುತ್ತದೆ, ಆದ್ದರಿಂದಲೇ ಕೆಳಗಿನ ಎಲೆಯಲ್ಲಿ ಮೊದಲು ಕಾಣುವುದು. ಚುಕ್ಕೆಯ ಸುತ್ತ ಅಚ್ಚುಕಟ್ಟಾದ ಹಳದಿ ಬಳೆ ಇದ್ದರೆ ಅದು ಚಿಬ್ಬು ರೋಗ, ಅಷ್ಟು ಅವಸರದ್ದಲ್ಲ. ಹಂಬುಗಳನ್ನು ಮಳೆಗೆ ಮುಂಚೆಯೇ ಕತ್ತರಿಸಿ ಇಲ್ಲವೇ ಮರಕ್ಕೆ ಎತ್ತಿ ಕಟ್ಟಿ. ಮುಂಗಾರಿನ ಆರಂಭದಲ್ಲಿ ಒಮ್ಮೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಶೇ 1ರ ಬೋರ್ಡೋ ಸಿಂಪಡಿಸಿ, ಬುಡಕ್ಕೆ ಲೀಟರಿಗೆ 2 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿದ ನೀರನ್ನು ಬಳ್ಳಿಗೆ 5ರಿಂದ 10 ಲೀಟರ್ ಸುರಿಯಬೇಕು. ರೋಗಾಣುವನ್ನು ತಡೆಯುವ ಒಳ್ಳೆಯ ಶಿಲೀಂಧ್ರವಾದ ಟ್ರೈಕೋಡರ್ಮಾ ಹಾಕುವವರು ಅದನ್ನು ಈ ತಾಮ್ರದ ಜತೆಗೆ ಹಾಕಬೇಡಿ. ತಾಮ್ರ ಒಳ್ಳೆಯ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಎಂದು ನೋಡುವುದಿಲ್ಲ.

ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಕಳೆದು ಮಣ್ಣು ಒಣಗುತ್ತಿದ್ದಂತೆ ಎಲೆ ಹಳದಿಯಾಗಿ, ಬೇಸಿಗೆಯಲ್ಲಿ ಉದುರಿ, ಮಳೆ ಬಂದಾಗ ಮತ್ತೆ ಚಿಗುರಿ, ಮರುವರ್ಷ ಮತ್ತೆ ಹಾಗೇ ಆದರೆ ನಿಧಾನ ಸೊರಗು. ಮಳೆಗಾಲದ ಚೇತರಿಕೆ ನೋಡಿ ವಾಸಿಯಾಯಿತು ಎಂದು ಸುಮ್ಮನಾಗುವುದೇ ಇದರಲ್ಲಿ ಮೋಸ, ಪ್ರತಿ ಸುತ್ತಿಗೂ ಬೇರು ಕಡಿಮೆಯಾಗುತ್ತಾ ಹೋಗುತ್ತದೆ. ಬೇರು ತೊಳೆದು ಬಿಳಿ ಹಾಳೆಯ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡಿ: ಮಣಿ ಪೋಣಿಸಿದಂಥ ಗಂಟುಗಳಿದ್ದರೆ ಬೇರುಗಂಟು ಜಂತುಹುಳು. ಗಂಟಿಲ್ಲದೆ ಕಂದು–ಕಪ್ಪು ಗಾಯಗಳಿದ್ದರೂ ಜಂತುಹುಳು ಇರಬಹುದು, ಅದು ಲ್ಯಾಬಿನಲ್ಲಿ ಮಾತ್ರ ಖಚಿತ. ಬುಡಕ್ಕೆ ಒಂದು ಕಿಲೋ ಬೇವಿನ ಹಿಂಡಿಯಲ್ಲಿ 50 ಗ್ರಾಂ ಟ್ರೈಕೋಡರ್ಮಾ ಬೆರೆಸಿ ಕೊಡಬಹುದು. ತೀರಾ ಹದಗೆಟ್ಟ ಬಳ್ಳಿಯನ್ನು ಬೇರುಸಮೇತ ತೆಗೆಯಿರಿ.

ಎಲೆ ಸಣ್ಣದಾಗಿ, ಸುಕ್ಕುಗಟ್ಟಿ, ಹಳದಿ–ಹಸಿರು ಮಚ್ಚೆಯಾಗಿದ್ದು ಬಳ್ಳಿ ಬೆಳೆಯದೆ ನಿಂತರೆ ನಂಜುರೋಗ (ವೈರಸ್). ಮದ್ದಿಲ್ಲ. ಅಂಥ ಬಳ್ಳಿಯಿಂದ ನೆಡಲು ತುಂಡು ಕತ್ತರಿಸಬೇಡಿ, ಪಕ್ಕದವರಿಗೂ ಕೊಡಬೇಡಿ.

ಶುಂಠಿ: ಒಂದು ಲೋಟ ನೀರು

ಶುಂಠಿ ಬಾಡಿದರೆ ಎರಡು ಅನುಮಾನ: ಗೆಡ್ಡೆ ಕೊಳೆ ಮತ್ತು ದುಂಡಾಣು ಸೊರಗು. ಮೊದಲನೆಯದಕ್ಕೆ ಶಿಲೀಂಧ್ರನಾಶಕ ಕೆಲಸ ಮಾಡುತ್ತದೆ, ಎರಡನೆಯದಕ್ಕೆ ಅದೇ ಔಷಧಿ ಬರೀ ಬಣ್ಣದ ನೀರು. ಆದ್ದರಿಂದ ಡ್ರಮ್ಮಿಗೆ ಮದ್ದು ಸುರಿಯುವ ಮೊದಲು ಲೋಟ ತನ್ನಿ.

ಈಗಷ್ಟೇ ಬಾಡಲು ಶುರುವಾದ ಕಾಂಡವನ್ನು ನೆಲಮಟ್ಟದಲ್ಲಿ ಕತ್ತರಿಸಿ, ಎರಡು ಇಂಚಿನ ತುಂಡು ಮಾಡಿ, ಹೊರಗಿನ ಮಣ್ಣು ಒರೆಸಿ. ಲೋಟದ ತುಂಬ ತಿಳಿನೀರು ಹಾಕಿ ಅಲುಗದಂತೆ ಇಡಿ. ತುಂಡಿನ ಕತ್ತರಿಸಿದ ತುದಿ ಮಾತ್ರ ನೀರಿಗೆ ತಾಗುವಂತೆ ದಾರದಿಂದ ನೇತುಹಾಕಿ, ಹಿಂದೆ ಕಪ್ಪು ಬಟ್ಟೆ ಹಿಡಿದು ಐದು ನಿಮಿಷ ನೋಡಿ. ತುದಿಯಿಂದ ಹಾಲಿನಂಥ ಬಿಳಿ ಎಳೆ ನೂಲಿನಂತೆ ಕೆಳಕ್ಕಿಳಿದರೆ ದುಂಡಾಣು. ಎಳೆ ಇಲ್ಲದೆ, ಕಾಂಡ ಹಿಡಿದೆಳೆದಾಗ ಗೆಡ್ಡೆಯಿಂದ ಸುಲಭವಾಗಿ ಕಳಚಿ ಬಂದು ಬುಡ ನೀರುನೀರಾಗಿ ನಾರುತ್ತಿದ್ದರೆ ಗೆಡ್ಡೆ ಕೊಳೆ. ಲೋಟ ಅಲುಗಿದರೆ ಎಳೆ ಕರಗಿ ನೀರು ಮಬ್ಬಾಗುತ್ತದೆ, ಮಣ್ಣಿನ ಮಬ್ಬೋ ದುಂಡಾಣುವೋ ತಿಳಿಯುವುದಿಲ್ಲ. ಆಗ ಹೊಸ ತುಂಡಿನಲ್ಲಿ ಮತ್ತೆ ಮಾಡಿ. ಪರೀಕ್ಷೆ ಮುಗಿದ ನೀರನ್ನು ಗದ್ದೆಗೆ ಚೆಲ್ಲಬೇಡಿ.

ದುಂಡಾಣು ಎಂದು ಗೊತ್ತಾದರೆ ಆ ಮಡಿಯ ನೀರು ಕೆಳಗಿನ ಮಡಿಗೆ ಹರಿಯದಂತೆ ಕಾಲುವೆ ತಿರುಗಿಸುವುದು ಆ ದಿನದ ಮೊದಲ ಕೆಲಸ. ಆ ಶುಂಠಿ ಬೀಜಕ್ಕೆ ಆಗದು. ಮುಂದಿನ ಬೆಳೆಗೆ ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ, ಎಲ್ಲವೂ ಅದೇ ದುಂಡಾಣುವಿಗೆ ಊಟ. ಭತ್ತ ಹಾಕಿ.

ಏಲಕ್ಕಿ, ಕಿತ್ತಳೆ, ಭತ್ತ: ಚುರುಕಾಗಿ

ಏಲಕ್ಕಿಯ ಎಳೇ ಎಲೆಯನ್ನು ಬೆಳಕಿಗೆ ಹಿಡಿದಾಗ ನಡುನರದಿಂದ ಅಂಚಿನ ಕಡೆಗೆ ತಿಳಿಹಸಿರು ಗೆರೆಗಳು ಸಮಾನಾಂತರವಾಗಿ ಹೋಗಿದ್ದರೆ ಕಟ್ಟೆ ರೋಗ. ಹೊಸ ಎಲೆಯ ತುದಿ ಹಳೇ ಕವಚದಲ್ಲಿ ಸಿಕ್ಕಿಕೊಂಡು ಕಂದು ಕೊಕ್ಕೆಯಂತೆ ಬಾಗಿದರೆ ಕೊಕ್ಕೆ ಕಂದು. ಎರಡೂ ನಂಜು, ಸಸ್ಯಹೇನಿನಿಂದ ಹರಡುವಂಥವು. ಬುಡಸಮೇತ ಕಿತ್ತು ನಾಶ ಮಾಡುವುದು ಬಿಟ್ಟು ಬೇರೆ ದಾರಿಯಿಲ್ಲ.

ಕಿತ್ತಳೆ ಎಲೆ ಹಳದಿಯಾದರೆ ನಡುನರದ ಮೇಲೆ ಮಡಿಸಿ ಎರಡು ಅರ್ಧಗಳನ್ನು ಹೋಲಿಸಿ. ಹಳದಿಯ ಚಿತ್ರ ಎರಡೂ ಕಡೆ ಕನ್ನಡಿ ಹಿಡಿದಂತೆ ಒಂದೇ ಇದ್ದರೆ ಸತುವಿನ ಕೊರತೆ, ಸಿಂಪಡಣೆಯಿಂದ ಸರಿಹೋಗುತ್ತದೆ. ಒಂದು ಅರ್ಧದಲ್ಲಿ ಒಂದು ಥರ, ಇನ್ನೊಂದರಲ್ಲಿ ಬೇರೆ ಥರ ಮಚ್ಚೆ ಇದ್ದರೆ ಗ್ರೀನಿಂಗ್ ರೋಗದ ಅನುಮಾನ. ಹಣ್ಣು ಸೊಟ್ಟಗಿದ್ದು ತುದಿ ಹಸಿರಾಗಿಯೇ ಉಳಿದು, ಬೀಜ ಕಪ್ಪಗೆ ಮುದುರಿದ್ದರೆ ಅನುಮಾನ ಗಟ್ಟಿ.

ಭತ್ತದಲ್ಲಿ ಬಿಳಿ ತೆನೆ ಕಂಡರೆ ಎಳೆದು ನೋಡಿ. ಸಲೀಸಾಗಿ ಕೈಗೆ ಬಂದು ಬುಡ ಕಚ್ಚಿದಂತಿದ್ದರೆ ಕಾಂಡಕೊರಕ. ಬರದೆ, ತೆನೆಯ ಕುತ್ತಿಗೆ ಕಪ್ಪು–ಕಂದಾಗಿ ಮುರಿದರೆ ಕುತ್ತಿಗೆ ಬೆಂಕಿ ರೋಗ. ಎಲೆಯಲ್ಲಿ ಎರಡೂ ತುದಿ ಚೂಪಾದ, ನಡುವೆ ಬೂದಿ ಬಣ್ಣದ ಕದಿರಿನಾಕಾರದ ಚುಕ್ಕೆ ಇದ್ದರೆ ಅದೂ ಬೆಂಕಿ ರೋಗವೇ. ಎಳ್ಳುಕಾಳಿನಂತೆ ಗುಂಡುಗುಂಡಾಗಿದ್ದರೆ ಕಂದು ಚುಕ್ಕೆ. ಬೆಂಕಿ ರೋಗ ಬಂದ ಗದ್ದೆಗೆ ಎಲೆ ಹಸಿರಾಗಲಿ ಎಂದು ಯೂರಿಯಾ ಎರಚುವುದು ಉರಿಯುವ ಬೆಂಕಿಗೆ ಸೀಮೆಎಣ್ಣೆ ಹೊಯ್ದಂತೆ.

ಮದ್ದೇ ಕಾಯಿಲೆಯಾದಾಗ

ಬೋರ್ಡೋ ಹೊಡೆದ ವಾರದಲ್ಲಿ ಎಲೆಯಂಚು, ಎಳೇ ಕಾಯಿ ಸುಟ್ಟರೆ ದ್ರಾವಣದಲ್ಲಿ ಸುಣ್ಣ ಕಡಿಮೆಯಾಗಿದೆ. ಕಾಫಿಗೆ ಶೇ 0.5, ಅಂದರೆ 200 ಲೀಟರ್ ಬ್ಯಾರಲ್ಲಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೆಣಸಿಗೆ ಶೇ 1, ಅಂದರೆ 100 ಲೀಟರಿಗೆ ಅಷ್ಟೇ. ಪ್ಲಾಸ್ಟಿಕ್ ಪಾತ್ರೆಯಲ್ಲಿ ಎರಡನ್ನೂ ಬೇರೆಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು, ಹಿಂದುಮುಂದು ಮಾಡಬಾರದು. ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಇನ್ನಷ್ಟು ಸುಣ್ಣ ಬೇಕು. ವರ್ಷಗಟ್ಟಲೆ ಗೋಣಿಯಲ್ಲಿ ಕೂತ ಸುಣ್ಣ ತೂಕಕ್ಕೆ ಒಂದು ಕಿಲೋ ಇದ್ದರೂ ಶಕ್ತಿಯಲ್ಲಿ ಇರುವುದಿಲ್ಲ, ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ. ಕಲಸಿದ್ದನ್ನು ಅದೇ ದಿನ ಮುಗಿಸಿ.

ಲ್ಯಾಬಿಗೆ ಕಳಿಸುವುದಾದರೆ

ಕಾಫಿಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಏಲಕ್ಕಿ–ಮೆಣಸಿಗೆ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರ, ಕಿತ್ತಳೆಯಂಥ ಹಣ್ಣಿಗೆ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ, ಸಾಮಾನ್ಯ ವಿಚಾರಣೆಗೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಇವೆ. ಒಯ್ಯುವ ಮಾದರಿ ಸರಿಯಿಲ್ಲದಿದ್ದರೆ ಅವರೂ ಊಹೆಯೇ ಮಾಡಬೇಕಾಗುತ್ತದೆ.

ರೋಗದ ಭಾಗ ಮತ್ತು ಆರೋಗ್ಯದ ಭಾಗ ಸೇರುವ ಗಡಿ ಇರುವ ಎಲೆ, ರೆಂಬೆ ಬೇಕು. ಎಲೆಯನ್ನು ಒಣ ಪೇಪರಿನಲ್ಲಿ ಸುತ್ತಿಕೊಡಿ. ಒದ್ದೆ ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಮರುದಿನಕ್ಕೆ ಎಲ್ಲಾ ಬೂಷ್ಟು. ಬೇರನ್ನು ಮಾತ್ರ ಅದರದೇ ಮಣ್ಣಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೆರಳಿನಲ್ಲಿಡಿ. ಜಂತುಹುಳು ಪರೀಕ್ಷೆಯ ಮಣ್ಣನ್ನು ಬಿಸಿಲಿಗೆ ಒಣಗಿಸಿದರೆ ಹುಳು ಸತ್ತು, ‘ಜಂತುಹುಳು ಇಲ್ಲ’ ಎಂಬ ಸುಳ್ಳು ವರದಿ ಬರುತ್ತದೆ. ಗೊಬ್ಬರದ ಲೆಕ್ಕಕ್ಕೆ ಒಯ್ಯುವ ಮಣ್ಣು ಬೇರೆ: ದರಗು ಸರಿಸಿ, ಒಂಬತ್ತು ಇಂಚು ಆಳದವರೆಗೆ ಹತ್ತು ಹದಿನೈದು ಕಡೆಯಿಂದ ತೆಗೆದು, ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರು ಪಾಲನ್ನು ಉಳಿಸಿಕೊಳ್ಳುತ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಿನಲ್ಲಿ ಆರಿಸಿ. ಸುಣ್ಣವೋ ಗೊಬ್ಬರವೋ ಹಾಕಿ ಎರಡು ತಿಂಗಳಾಗದಿದ್ದರೆ ತೆಗೆಯಬೇಡಿ. ಕೆಟ್ಟ ಜಾಗದ್ದು ಒಂದು, ಪಕ್ಕದ ಒಳ್ಳೆ ಜಾಗದ್ದು ಒಂದು, ಎರಡು ಚೀಲ ಕೊಡಿ. ಕಳೆದ ಎರಡು ತಿಂಗಳಲ್ಲಿ ಏನೇನು ಹೊಡೆದಿರಿ, ಎಷ್ಟು ಹಾಕಿದಿರಿ ಎಂದು ಚೀಟಿಯಲ್ಲಿ ಬರೆಯಿರಿ. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಅದು ಇದ್ದೇ ಇರುತ್ತದೆ.

ಕಾರಣ ತಿಳಿದು ಮದ್ದು ಮಾಡುವಾಗ ಒಂದೆರಡು ಸಾಲನ್ನು ಏನೂ ಮಾಡದೆ ಬಿಟ್ಟು ಬಣ್ಣದ ಗುರುತು ಹಾಕಿ. ಮೂರು ವಾರದ ನಂತರ ಮದ್ದು ಕಂಡ ಸಾಲನ್ನೂ ಬಿಟ್ಟ ಸಾಲನ್ನೂ ಅಕ್ಕಪಕ್ಕ ನೋಡಿ. ಆಗ ನೋಡಬೇಕಾದದ್ದು ಹಳೇ ಎಲೆಯನ್ನಲ್ಲ: ಅಂಚು ಸುಟ್ಟ ಎಲೆ, ಚುಕ್ಕೆ ಬಿದ್ದ ಎಲೆ ಎಷ್ಟು ಮದ್ದು ಮಾಡಿದರೂ ಮತ್ತೆ ಹಸಿರಾಗುವುದಿಲ್ಲ. ಮದ್ದಿನ ನಂತರ ಬಿಚ್ಚಿದ ಮೊದಲ ಎರಡು ಜೊತೆ ಎಲೆ ನೋಡಿ, ಬುಡ ಕೆದಕಿ ಹೊಸ ಬಿಳಿ ಬೇರು ಬಂದಿದೆಯೇ ನೋಡಿ. ಬಿಟ್ಟ ಸಾಲೂ ಅಷ್ಟೇ ಚೇತರಿಸಿಕೊಂಡಿದ್ದರೆ ವಾಸಿ ಮಾಡಿದ್ದು ಡ್ರಮ್ಮಲ್ಲ, ನಿಂತ ಮಳೆ.